ಡಬ್ಬದಲ್ಲಿ ಅಣ್ಣನ ಪಾಲು

ಪ್ರತಿ ಡಿಸೆಂಬರ್‌ನಲ್ಲಿ ಅಮ್ಮ ಒಂದು ಹಳೆಯ ಹಾಲಿನ ಪುಡಿ ಡಬ್ಬವನ್ನು ತೊಳೆದು ಬಿಸಿಲಿಗೆ ಇಡುತ್ತಿದ್ದಳು. ಒಣಗಿದ ಮೇಲೆ ಒಳಗೆ ಸುತ್ತಲೂ ಪೇಪರ್ ಹಾಸುತ್ತಿದ್ದಳು. ಕಜ್ಜಾಯ ಕರಿದರೆ ಎರಡು ಅದಕ್ಕೆ. ರೋಸ್ ಕುಕ್ಕೀಸ್ ನಾಲ್ಕು. ಕಲ್‌ಕಲ್ ಒಂದು ಹಿಡಿ. ಚಕ್ಕುಲಿಯಲ್ಲಿ ಮುರಿಯದೆ ಉಳಿದಂಥವು ಮಾತ್ರ. ಮುಚ್ಚಳ ಒತ್ತಿ, ಅಟ್ಟದ ಮೇಲೆ ಇರುವೆ ಬಾರದ ಮೂಲೆಯಲ್ಲಿ ಇಟ್ಟು ಇಳಿಯುತ್ತಿದ್ದಳು. ಅದು ಅಣ್ಣನ ಪಾಲು.

ಅಣ್ಣ ಮನೆ ಬಿಟ್ಟು ಹೋದ ಮೇಲೆ ಅಮ್ಮ ಹತ್ತು ಕ್ರಿಸ್‌ಮಸ್ ನೋಡಿದಳು. ಒಂದಕ್ಕೂ ಅವನು ಬರಲಿಲ್ಲ. ಡಬ್ಬ ಮಾತ್ರ ಹತ್ತು ಸಲವೂ ತುಂಬಿತು. ಜನವರಿ ಕಳೆದು, ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನ ಅಮ್ಮ ಅದನ್ನು ಕೆಳಗಿಳಿಸಿ ಬೀದಿಯ ಮಕ್ಕಳಿಗೆ ಹಂಚಿಬಿಡುತ್ತಿದ್ದಳು. ಅಷ್ಟು ಹೊತ್ತಿಗೆ ಕಜ್ಜಾಯ ಗಟ್ಟಿಯಾಗಿರುತ್ತಿತ್ತು. ಮಕ್ಕಳಿಗೆ ಅದೆಲ್ಲ ಎಲ್ಲಿಯ ಲೆಕ್ಕ? "ಈ ವರ್ಷ ಬರಲ್ಲ ಅಂತ ಕಾಣುತ್ತೆ" ಅಂತ ಅಮ್ಮ ಅಷ್ಟೇ ಹೇಳೋಳು. ಹತ್ತು ವರ್ಷವೂ ಅದೇ ಮಾತು. ಆ ಮಾತಿನಲ್ಲಿ "ಈ ವರ್ಷ" ಅನ್ನುವ ಎರಡು ಪದ ಇದ್ದವು ಅನ್ನೋದನ್ನು ನಾನು ಗಮನಿಸಿದ್ದು ಅವಳು ಹೋದ ಮೇಲೆ.

ಅಣ್ಣ ಕುಡಿಯಲು ಶುರು ಮಾಡಿದ್ದು 2003ರಲ್ಲಿ. ಅವನಿಗೆ ಆಗ ಇಪ್ಪತ್ತೊಂದು. ಮೊದಲು ಸಂಬಳದ ದಿನ ಮಾತ್ರ, ಆಮೇಲೆ ಶನಿವಾರ, ಆಮೇಲೆ ವಾರದ ಹೆಸರೇ ಬೇಕಿಲ್ಲ ಅನ್ನುವ ಹಾಗಾಯಿತು. ಮದುವೆ ಮಾಡಿದರೆ ಸರಿಹೋಗ್ತಾನೆ ಅಂದರು. 2006ರಲ್ಲಿ ಮದುವೆ ಆಯಿತು. ಸರಿಹೋಗಲಿಲ್ಲ. ಹೀಗೆ ಹೇಳಿ ಒಬ್ಬ ಹುಡುಗಿಯನ್ನು ಆ ಕಷ್ಟಕ್ಕೆ ತಂದು ನಿಲ್ಲಿಸಿದ್ದು ನಮ್ಮ ತಪ್ಪು, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. 2009ರ ಆರಂಭದಲ್ಲಿ ಅತ್ತಿಗೆ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ತವರಿಗೆ ಹೋದರು. ಅವರು ಮಾಡಿದ್ದು ಸರಿ.

ಅಮ್ಮ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದಳು. ಅಡುಗೆಮನೆಯ ಒಲೆ ಪಕ್ಕ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಮೊಣಕಾಲೂರುತ್ತಿದ್ದಳು. ಜೋರಾಗಿ ಪ್ರಾರ್ಥನೆ ಮಾಡುವವಳಲ್ಲ. ತುಟಿ ಅಲ್ಲಾಡೋದು ಮಾತ್ರ ಕಾಣುತ್ತಿತ್ತು. ಆ ಗೋಣಿಚೀಲದಲ್ಲಿ ಎರಡು ಕಡೆ ನೂಲು ಸವೆದು ಬಟ್ಟಲಿನಷ್ಟು ತಗ್ಗಾಗಿತ್ತು.

ಹಾಗಂತ ಬರೀ ಪ್ರಾರ್ಥನೆ ಮಾಡುತ್ತಾ ಕೂತವಳೂ ಅಲ್ಲ. ಎರಡು ಸಲ ಅಣ್ಣನನ್ನು ಕುಡಿತ ಬಿಡಿಸುವ ವಾರ್ಡ್‌ಗೆ ಸೇರಿಸಿದಳು. ಎರಡನೇ ಸಲ ಬಳೆ ಅಡ ಇಟ್ಟಳು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, "ದೇವರ ಸಮಯಕ್ಕೆ ಕಾಯ್ತಾ ಇದ್ದೀವಿ" ಅಂತ ಹೇಳಿ ಡಾಕ್ಟರ್ ಹತ್ತಿರ ಹೋಗದೆ ಇರುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಅಮ್ಮ ಒಂದು ಕೈಯಲ್ಲಿ ಸತ್ಯವೇದ, ಅಂದರೆ ಬೈಬಲ್, ಹಿಡಿದಿದ್ದರೆ ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಚೀಟಿ ಇರುತ್ತಿತ್ತು.

ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವ ಸಮಯ ಇರುತ್ತದೆ. ಮಗನಿಗೆ ಕೆಲಸ ಸಿಕ್ಕಿತು, ಮಗಳಿಗೆ ಗಂಡು ನಿಶ್ಚಯ ಆಯಿತು, ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣಲಿಲ್ಲ. ಎಲ್ಲರೂ ಸ್ತೋತ್ರ ಹೇಳುತ್ತೇವೆ. ಅಮ್ಮನೂ ಹೇಳುತ್ತಿದ್ದಳು, ಮನಸಾರೆ. ಆದರೆ ಆಮೇಲೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಯಾರಾದರೂ ಅವಳ ಕೈ ಹಿಡಿದು, "ಇನ್ನೂ ಸ್ವಲ್ಪ ನಂಬಿಕೆ ಇಟ್ಟು ಕೇಳಿ ಆಂಟಿ, ದೇವರಿಗೆ ಒಂದು ಸಮಯ ಇದೆ" ಅನ್ನೋರು. ಅವರು ಕೆಟ್ಟವರಲ್ಲ. ಏನಾದರೂ ಹೇಳಬೇಕಲ್ಲ ಅಂತ ಹೇಳೋರು. ಅಮ್ಮ ತಲೆ ಆಡಿಸಿ ನಡೆದುಬಿಡುತ್ತಿದ್ದಳು. ನನಗೆ ಮಾತ್ರ ಮೈ ಉರಿಯೋದು. ಅವರಿಗೆ ಮೂರು ತಿಂಗಳಲ್ಲಿ ಸಿಕ್ಕಿದ್ದು ಅಮ್ಮನಿಗೆ ಹತ್ತು ವರ್ಷಕ್ಕೂ ಸಿಗಲಿಲ್ಲ ಅಂದರೆ, ಅವಳ ನಂಬಿಕೆಯ ತೂಕ ಕಡಿಮೆಯಾ?

"ದೇವರ ಸಮಯ" ಅನ್ನುವ ಮಾತನ್ನು ನಾನು ಇವತ್ತು ನಂಬುತ್ತೇನೆ. ಆದರೆ ಅದನ್ನು ಕಾಯುತ್ತಿರುವವರೇ ಹೇಳಬೇಕು. ಕಾಯುತ್ತಿರುವವರಿಗೆ ಬೇರೆಯವರು ಹೇಳುವ ಮಾತಲ್ಲ ಅದು. ಅಮ್ಮ ಹೇಳಿದರೆ ಅದರಲ್ಲಿ ಹದಿನಾರು ವರ್ಷದ ಬೆಳಗಿನ ಜಾವ ಇರುತ್ತಿತ್ತು. ಬೇರೆಯವರು ಹೇಳಿದಾಗ ಅದೇ ಮಾತು ಬಾಗಿಲು ಹಾಕಿಕೊಂಡ ಹಾಗೆ ಕೇಳುತ್ತಿತ್ತು.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನನ್ನನ್ನು ತುಂಬಾ ಕಾಡಿದೆ. ಲಾಜರನಿಗೆ ಹುಷಾರಿಲ್ಲ. ಅಕ್ಕಂದಿರಾದ ಮಾರ್ಥ, ಮರಿಯ ಯೇಸುವಿಗೆ ಹೇಳಿಕಳಿಸುತ್ತಾರೆ. ಬಾ ಅಂತಲೂ ಹೇಳುವುದಿಲ್ಲ, ನೀನು ಪ್ರೀತಿಸುವವನಿಗೆ ಕಾಯಿಲೆ ಅಂತ ಮಾತ್ರ. ಆಮೇಲೆ ಎರಡು ವಚನ ಬರುತ್ತವೆ. ಯೇಸುವಿಗೆ ಆ ಮೂವರ ಮೇಲೆ ಪ್ರೀತಿ ಇತ್ತು ಅನ್ನೋದು ಒಂದು. ಸುದ್ದಿ ಕೇಳಿದ ಮೇಲೂ ಇದ್ದ ಜಾಗದಲ್ಲೇ ಇನ್ನೂ ಎರಡು ದಿನ ಉಳಿದನು ಅನ್ನೋದು ಇನ್ನೊಂದು. ಈ ಎರಡರ ನಡುವೆ ನಾನು ಯಾವಾಗಲೂ "ಆದರೂ" ಅಂತ ಓದಿಕೊಳ್ಳುತ್ತಿದ್ದೆ. ಪ್ರೀತಿ ಇತ್ತು, ಆದರೂ ಉಳಿದನು. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ "ಊನ್". ಅಂದರೆ "ಆದ್ದರಿಂದ". ಪ್ರೀತಿ ಇತ್ತು, ಆದ್ದರಿಂದ ಉಳಿದನು. ಬೈಬಲ್ ಸ್ಟಡಿಯಲ್ಲಿ ನಮ್ಮ ಪಾದ್ರಿ ಅಯ್ಯನವರು ಇದನ್ನು ಹೇಳಿದ ದಿನ ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. "ಇರಬಹುದು ಪುಟ್ಟಿ. ಮಾರ್ಥಳಿಗೆ ಅವತ್ತು ಅದು ಗೊತ್ತಿರಲಿಲ್ಲ ಅಲ್ವಾ" ಅಂದಳು.

ಕೆಲವರು ದಾರಿಯ ಲೆಕ್ಕ ಹಾಕಿ, ಸುದ್ದಿ ಮುಟ್ಟುವಷ್ಟರಲ್ಲೇ ಲಾಜರ ತೀರಿಕೊಂಡಿದ್ದ, ಯೇಸು ಕೂಡಲೇ ಹೊರಟಿದ್ದರೂ ಆಗುತ್ತಿರಲಿಲ್ಲ ಅನ್ನುತ್ತಾರೆ. ಆ ಲೆಕ್ಕ ಸರಿಯಿದ್ದರೂ ನನಗೆ ಅದರಿಂದ ಸಮಾಧಾನ ಸಿಗುವುದಿಲ್ಲ. ನನಗೆ ಸಮಾಧಾನ ಕೊಡುವುದು ಬೇರೆ ಎರಡು ವಿಷಯ. ನಾಲ್ಕು ದಿನ ಕಳೆದು ಬಂದ ಯೇಸುವಿಗೆ ಮಾರ್ಥ ನೇರವಾಗಿ ಹೇಳುತ್ತಾಳೆ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಸ್ವಲ್ಪ ಹೊತ್ತಿಗೆ ಮರಿಯ ಬಂದು ಅದೇ ಮಾತು ಹೇಳುತ್ತಾಳೆ. ಆ ನಾಲ್ಕು ದಿನ ಮನೆಯಲ್ಲಿ ಅಕ್ಕತಂಗಿ ಅದನ್ನೇ ಎಷ್ಟು ಸಲ ಹೇಳಿಕೊಂಡಿರಬೇಕು! ಯೇಸು ಇಬ್ಬರಲ್ಲಿ ಯಾರನ್ನೂ ಗದರಿಸುವುದಿಲ್ಲ. ನಂಬಿಕೆ ಸಾಲದು ಅನ್ನುವುದಿಲ್ಲ. ಎರಡನೆಯದು, ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಸಮಾಧಿಯಿಂದ ಜೀವಂತ ಎದ್ದು ಬರುತ್ತಾನೆ ಅಂತ ಆತನಿಗೆ ಗೊತ್ತು. ಗೊತ್ತಿದ್ದೂ ಅತ್ತನು. ಕೊನೆ ಗೊತ್ತಿದ್ದವನೂ ನಡುವಿನ ನೋವನ್ನು ಹಗುರ ಮಾಡಿ ನೋಡಲಿಲ್ಲ.

ಇದಾದ ಮೇಲೆ ನಾನು ಪ್ರಾರ್ಥನೆಯಲ್ಲಿ ನಯವಾಗಿ ಮಾತಾಡುವುದನ್ನು ಬಿಟ್ಟೆ. ಸತ್ಯವೇದದ ಕೀರ್ತನೆ 13 ಶುರುವಾಗುವುದೇ ಇನ್ನೆಷ್ಟು ದಿನ ಅನ್ನುವ ಪ್ರಶ್ನೆಯಿಂದ. ಎರಡೇ ವಚನದಲ್ಲಿ ಆ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಗೆ ಸ್ತೋತ್ರದ ಸಾಲು ಕೂಡ ಇಲ್ಲ. ಅದನ್ನು ಯಾರೂ ಸತ್ಯವೇದದಿಂದ ತೆಗೆದು ಹಾಕಲಿಲ್ಲ. ಹಾಗಾದರೆ ನಾನು ನಾಲ್ಕೂವರೆಗೆ ಎದ್ದು ಎಷ್ಟು ದಿನ ಅಂತ ಕೇಳಿದರೂ ಅದು ಪ್ರಾರ್ಥನೆಯೇ.

ಅಣ್ಣ ಹೋದ ರಾತ್ರಿಯ ಬಗ್ಗೆ ಹೇಳಬೇಕು. ಅತ್ತಿಗೆ ಹೋದ ನಾಲ್ಕನೇ ತಿಂಗಳು ಅಣ್ಣ, ಗೋವಾದಲ್ಲಿ ಹಡಗು ರಿಪೇರಿ ಕೆಲಸ ಇದೆ, ಹೋಗ್ತೀನಿ ಅಂದ. ಗೋವಾ ಅಂದರೆ ಅಮ್ಮನಿಗೆ ಒಂದೇ ಚಿತ್ರ, ಮೂಲೆಗೊಂದು ಅಗ್ಗದ ಹೆಂಡದಂಗಡಿ. ಇಲ್ಲಿದ್ದರೆ ರಾತ್ರಿ ಎಲ್ಲಿ ಬಿದ್ದಿದ್ದಾನೆ ಅಂತ ಹುಡುಕಿ ತರಬಹುದು. ಅಲ್ಲಿ ಯಾರು? ಅಮ್ಮ ಮೂರು ದಿನ ಉಪವಾಸ ಇದ್ದು ಒಂದೇ ಬೇಡಿಕೆ ಇಟ್ಟಳು, ಅವನು ಹೋಗದ ಹಾಗೆ ಮಾಡು ಕರ್ತನೇ. ಮೂರನೇ ದಿನ ಉಪವಾಸ ಪ್ರಾರ್ಥನೆಗೆ ಅಂತ ಅಮ್ಮ ಸಭೆಗೆ ಹೋಗಿದ್ದಾಗ ಅವನು ಬ್ಯಾಗ್ ತೆಗೆದುಕೊಂಡು ರಾತ್ರಿ ಬಸ್ ಹತ್ತಿದ. ಅಮ್ಮ ಬಂದು ಹ್ಯಾಂಗರ್ ಮೇಲೆ ಅಂಗಿ ಇಲ್ಲದ್ದು ನೋಡಿದಳು. ಅವತ್ತು ಒಂದು ದಿನ ಮಾತ್ರ ಬೆಳಿಗ್ಗೆ ಗೋಣಿಚೀಲ ಹಾಸಲಿಲ್ಲ.

ವರ್ಷಗಳಾದ ಮೇಲೆ ನಾನು ಸಂತ ಅಗಸ್ಟೀನನ ಜೀವನ ಓದಿದೆ. ಒಂದು ಪುಟದಲ್ಲಿ ಕೈ ನಿಂತಿತು. ಅಗಸ್ಟೀನ ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ. ತಾಯಿ ಮೋನಿಕಾ ಭಕ್ತೆ. ಮಗ ಬೇರೆಯೇ ದಾರಿ ಹಿಡಿದ. ತಾಯಿ ಅತ್ತು ಅತ್ತು ಪ್ರಾರ್ಥನೆ ಮಾಡಿದಳು. ಒಬ್ಬ ಬಿಷಪ್ ಹತ್ತಿರ ಹೋಗಿ ಮಗನಿಗೆ ಬುದ್ಧಿ ಹೇಳಿ ಅಂತ ಕಾಡಿದಳು. ಇಷ್ಟು ಕಣ್ಣೀರಿನ ಮಗ ಹಾಳಾಗಿ ಹೋಗಲಾರ, ಹೋಗಮ್ಮ ಅಂತ ಅವರು ಕಳಿಸಿದರು. 383ರಲ್ಲಿ ಅಗಸ್ಟೀನ ಕಾರ್ಥೇಜ್ ಬಿಟ್ಟು ರೋಮ್‌ಗೆ ಹೊರಟ. ತಾಯಿ ಸಮುದ್ರದ ದಡದವರೆಗೆ ಹಿಂದೆ ಬಂದಳು. ಅವನು ಸುಳ್ಳು ಹೇಳಿ, ಹತ್ತಿರದ ಸಂತ ಸಿಪ್ರಿಯನ್ನನ ಗುಡಿಯಲ್ಲಿ ರಾತ್ರಿ ತಂಗಲು ಒಪ್ಪಿಸಿದ. ಅವಳು ಅಲ್ಲಿ, ಮಗ ಹೋಗದಿರಲಿ ಅಂತ ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದಾಗ ಹಡಗು ಹೊರಟುಹೋಯಿತು.

ನಮ್ಮ ಮನೆಯ ಕಥೆಯನ್ನೇ ಯಾರೋ ಹದಿನಾರು ನೂರು ವರ್ಷ ಹಿಂದೆ ಬರೆದಿಟ್ಟ ಹಾಗಿತ್ತು.

ಆ ಹಡಗು ಅವನನ್ನು ರೋಮ್‌ಗೆ, ಅಲ್ಲಿಂದ ದಾರಿ ಮಿಲಾನ್‌ಗೆ ಕರೆದುಕೊಂಡು ಹೋಯಿತು. ಮಿಲಾನ್‌ನಲ್ಲಿ ಬಿಷಪ್ ಅಂಬ್ರೋಸ್ ಇದ್ದರು. 387ರ ಈಸ್ಟರ್‌ನಲ್ಲಿ ಅವರ ಕೈಯಿಂದಲೇ ಅಗಸ್ಟೀನನಿಗೆ ದೀಕ್ಷಾಸ್ನಾನ ಆಯಿತು. ಮಗನ ಹಿಂದೆಯೇ ಹೋಗಿದ್ದ ಮೋನಿಕಾ ಅದನ್ನು ಕಣ್ಣಾರೆ ನೋಡಿದಳು. ಅದೇ ವರ್ಷ ಊರಿಗೆ ವಾಪಸ್ ಹೊರಟವಳು ಓಸ್ತಿಯಾ ಬಂದರಿನಲ್ಲಿ ತೀರಿಕೊಂಡಳು. ಆಮೇಲೆ ಅಗಸ್ಟೀನ ಆ ರಾತ್ರಿಯನ್ನು ನೆನೆದು ದೇವರಿಗೆ ಹೇಳುತ್ತಾನೆ: ಅವಳು ಯಾವಾಗಲೂ ಕೇಳುತ್ತಿದ್ದುದನ್ನು ಕೊಡುವುದಕ್ಕೋಸ್ಕರ, ಅವತ್ತು ಕೇಳಿದ್ದನ್ನು ನೀನು ಕೊಡಲಿಲ್ಲ.

ಆ ಮಾತನ್ನು ಓದಿ ನಾನು ಪುಸ್ತಕ ಮುಚ್ಚಿ ಅಟ್ಟದ ಕಡೆ ನೋಡಿದೆ. ಆಗ ಅಣ್ಣ ಇನ್ನೂ ಕುಡಿಯುತ್ತಿದ್ದ. ಅಮ್ಮ ಬದುಕಿದ್ದಳು. ಅವಳಿಗೆ ಓದಿ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದು, "ಆ ತಾಯಿ ಹಡಗು ಹತ್ತಿ ಮಗನ ಹಿಂದೆ ಹೋದಳಾ? ಗಟ್ಟಿಗಿತ್ತಿ" ಅಂದಳು. ಆಮೇಲೆ ಎದ್ದು ಅನ್ನಕ್ಕೆ ಇಟ್ಟಳು.

ಅಮ್ಮ ಓದುತ್ತಿದ್ದ ಕನ್ನಡ ಸತ್ಯವೇದ ಕೂಡ ಹೀಗೆ ಕಾದು ಬಂದದ್ದೇ. 1812ರ ಮಾರ್ಚ್‌ನಲ್ಲಿ ಬಂಗಾಳದ ಸೇರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದಾಗ ಮಿಷನರಿ ವಿಲಿಯಂ ಕೇರಿ ಮಾಡಿಟ್ಟಿದ್ದ ಕನ್ನಡ ಅನುವಾದದ ಹಾಳೆಗಳೂ ಸುಟ್ಟುಹೋದವು. ಬಳ್ಳಾರಿಗೆ 1810ರಲ್ಲೇ ಬಂದಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ದುಡಿಮೆಯಿಂದ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿದ್ದು 1831ರಲ್ಲಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ. ಆ ನಡುವೆ ಎಷ್ಟು ಜನ ಅದಕ್ಕಾಗಿ ಬೇಡಿ, ನೋಡದೆ ಹೋದರೋ.

2019ರ ಆಗಸ್ಟ್‌ನಲ್ಲಿ ಅಮ್ಮ ಹೋದಳು. ಮೂರು ದಿನದ ಜ್ವರ, ಅಷ್ಟೇ. ಅಣ್ಣನಿಗೆ ಫೋನ್ ಮಾಡಿದೆವು. ಅವನು ಬಂದಾಗ ಮಣ್ಣು ಹಾಕಿ ಆಗಿತ್ತು. ಸಮಾಧಿ ಜಾಗದ ಗೇಟ್ ಹತ್ತಿರ ನಿಂತಿದ್ದ, ಒಳಗೆ ಬರಲಿಲ್ಲ. ಹತ್ತಿರ ಹೋದರೆ ವಾಸನೆ. ಒಂದು ಮಾತು ಆಡದೆ ಅದೇ ರಾತ್ರಿ ವಾಪಸ್ ಹೋದ.

ನನ್ನ ಬದುಕಿನಲ್ಲಿ ದೇವರ ಜೊತೆ ನಿಜವಾಗಿ ಜಗಳ ಆಡಿದ್ದು ಅವತ್ತು. ಹದಿನಾರು ವರ್ಷ. ಒಂದೇ ಒಂದು ಭಾನುವಾರ ಅವನು ಅವಳ ಪಕ್ಕ ಕೂತಿದ್ದರೆ ಸಾಕಿತ್ತು. ಅಷ್ಟು ಕೊಡುವುದಕ್ಕೆ ನಿನಗೇನು ಕಷ್ಟ ಇತ್ತು? ಮಾರ್ಥ ಹೇಳಿದ್ದನ್ನೇ ನಾನೂ ಹೇಳಿದೆ, ಅಷ್ಟು ಮರ್ಯಾದೆಯಿಂದ ಅಲ್ಲ.

ಎರಡು ವರ್ಷ ಆದ ಮೇಲೆ, 2021ರ ಆಗಸ್ಟ್ ಕೊನೆಯಲ್ಲಿ ಅಣ್ಣನ ಫೋನ್ ಬಂತು. "ಇವತ್ತಿಗೆ ಹದಿನೆಂಟು ದಿನ ಆಯ್ತು" ಅಂದ. ಏನು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಫೋನ್ ಹಿಡಿದುಕೊಂಡು ಅತ್ತೆವು. ಯಾರ್ಡ್‌ನಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬ ಹಿರಿಯರು ಅವನನ್ನು ಕುಡಿತ ಬಿಟ್ಟವರ ಕೂಟಕ್ಕೆ ಕರೆದುಕೊಂಡು ಹೋಗಿದ್ದರು. ಅವರೂ ಒಂದು ಕಾಲಕ್ಕೆ ಕುಡಿದು ಬೀದಿಗೆ ಬಂದವರು. ಆ ಕೂಟದಲ್ಲಿ ಹೇಳಿಕೊಡುವುದು ಒಂದೇ, ಇವತ್ತೊಂದು ದಿನ ಮುಟ್ಟಬೇಡ, ನಾಳೆಯದು ನಾಳೆಗೆ. ಕರ್ತನ ಪ್ರಾರ್ಥನೆಯಲ್ಲಿ ನಾವು ಕೇಳುವುದೂ ಆಯಾ ದಿನದ ಆಹಾರವನ್ನು ತಾನೇ? ಊರಲ್ಲಿದ್ದಾಗ ಅಂಥ ಕೂಟಕ್ಕೆ ಬಾ ಅಂದರೆ ಕುರ್ಚಿ ಒದ್ದು ಹೋಗುತ್ತಿದ್ದವನು, ಅಮ್ಮ ಬೇಡ ಬೇಡ ಅಂದ ಗೋವಾದಲ್ಲಿ ತಾನಾಗಿ ಹೋಗಿ ಕೂತಿದ್ದ.

ಇದನ್ನು ಕೇಳಿದವರು "ನೋಡಿ, ದೇವರ ಸಮಯ" ಅನ್ನುತ್ತಾರೆ. ಹೌದು. ಆದರೆ ಅಷ್ಟು ಬೇಗ ಹೌದು ಅನ್ನಲು ನನಗೆ ಆಗುವುದಿಲ್ಲ. ತಡ ಮಾಡಿದ್ದು ದೇವರೋ, ಅಣ್ಣನೋ? ಆ ಹದಿನೆಂಟು ವರ್ಷದಲ್ಲಿ ಅಣ್ಣ ಪ್ರತಿ ದಿನ ಬೇಡ ಅಂದಿದ್ದಾನೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ತಂದೆ, ಮನೆ ಬಿಟ್ಟು ಹೋಗಿ ಹಂದಿ ಕಾಯುವ ಸ್ಥಿತಿಗೆ ಬಂದ ಮಗನನ್ನು ಹಂದಿಗೂಡಿನಿಂದ ಎಳೆದು ತರಲಿಲ್ಲ. ಮಗ ಇನ್ನೂ ದೂರದಲ್ಲಿ ಇರುವಾಗಲೇ ಕಂಡನು ಅಂತ ಇದೆ. ದಾರಿಯ ಮೇಲೆ ಕಣ್ಣಿಟ್ಟು ಕೂತವನಿಗೆ ಮಾತ್ರ ಅಷ್ಟು ದೂರದಲ್ಲಿ ಗುರುತು ಸಿಗುತ್ತದೆ. ಹಾಗಾದರೆ ಕಾದದ್ದು ಅಮ್ಮ ಒಬ್ಬಳೇ ಅಲ್ಲ. ನಾಲ್ಕೂವರೆಗೆ ಆ ಅಡುಗೆಮನೆಯಲ್ಲಿ ಇಬ್ಬರು ಕಾಯುತ್ತಿದ್ದರು. ಇದು ನನಗೆ ಹೊಳೆದ ಮೇಲೆ ಜಗಳ ನಿಂತಿತು.

ಅಮ್ಮ ನೋಡಲಿಲ್ಲವಲ್ಲ ಅನ್ನುವ ಸಂಕಟ ಮಾತ್ರ ಹೋಗಿಲ್ಲ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯವನ್ನು ನಾವು ನಂಬಿಕೆಯ ವೀರರ ಅಧ್ಯಾಯ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅಬ್ರಹಾಮ ಎಪ್ಪತ್ತೈದರಲ್ಲಿ ಹೊರಟ, ಇಸಾಕ ಹುಟ್ಟಿದ್ದು ನೂರರಲ್ಲಿ, ಅದನ್ನು ಚೆನ್ನಾಗಿ ಹೇಳುತ್ತೇವೆ. ಅದೇ ಅಧ್ಯಾಯದಲ್ಲಿ, ಇವರೆಲ್ಲ ವಾಗ್ದಾನದ ಫಲ ಹೊಂದದೆ, ದೂರದಿಂದ ನೋಡಿ ಸತ್ತರು ಅಂತಲೂ ಇದೆ. ಅದರ ಮೇಲೆ ಪ್ರಸಂಗ ಕೇಳಿದ್ದು ನನಗೆ ನೆನಪಿಲ್ಲ. ನಮ್ಮ ಸಭೆಗಳಲ್ಲಿ ಅದನ್ನೂ ಹೇಳಬೇಕು. ಸಾಕ್ಷಿಗೆ ಎದ್ದು ನಿಲ್ಲಲು ಏನೂ ಇಲ್ಲದವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಅವರಿಗೆ ಆ ವಚನ ಬೇಕು.

ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 5ನೇ ಅಧ್ಯಾಯದಲ್ಲಿ ಪರಲೋಕದ ಹಿರಿಯರ ಕೈಯಲ್ಲಿ ಧೂಪ ತುಂಬಿದ ಚಿನ್ನದ ಬಟ್ಟಲುಗಳಿವೆ. ಆ ಧೂಪ ಅಂದರೆ ದೇವಜನರ ಪ್ರಾರ್ಥನೆಗಳು. ಇದನ್ನು ಓದುವಾಗೆಲ್ಲ ನನಗೆ ಗೋಣಿಚೀಲದ ಆ ಎರಡು ತಗ್ಗು ಕಾಣುತ್ತವೆ. ಬೇಡಿದವಳು ಹೋದರೂ ಬೇಡಿದ್ದು ಹೋಗಲಿಲ್ಲ. ಯಾರೋ ಅದನ್ನು ಹಿಡಿದುಕೊಂಡಿದ್ದರು.

2022ರ ಕ್ರಿಸ್‌ಮಸ್‌ಗೆ ಅಣ್ಣ ಮನೆಗೆ ಬಂದ. ನಾನು ಅಟ್ಟದಿಂದ ಡಬ್ಬ ಇಳಿಸಿ, ತೊಳೆದು, ಪೇಪರ್ ಹಾಸಿ, ತುಂಬಿಸಿ ಅವನ ಮುಂದೆ ಇಟ್ಟೆ. ಅವನಿಗೆ ಡಬ್ಬದ ವಿಷಯ ಗೊತ್ತೇ ಇರಲಿಲ್ಲ. ಹೇಳಿದೆ. ಅವನು ಬಾಗಿಲ ಮೆಟ್ಟಿಲ ಮೇಲೆ ಕೂತು ಮುಚ್ಚಳ ತೆಗೆಯದೆ ಅದನ್ನು ಮಡಿಲಲ್ಲಿ ಇಟ್ಟುಕೊಂಡ. ಎದುರು ಮನೆಯ ಹುಡುಗ, ಈಗ ಕಾಲೇಜು, ಬೈಕ್ ನಿಲ್ಲಿಸಿ ಬಂದ. "ಈ ಡಬ್ಬ ನಿಮ್ಮದಾ ಅಣ್ಣ? ಅಜ್ಜಿ ಪ್ರತಿ ವರ್ಷ ನಮಗೇ ಕೊಡ್ತಿದ್ರು" ಅಂದ. ಅಣ್ಣ ಮುಚ್ಚಳ ತೆಗೆದು ಮೊದಲ ಕಜ್ಜಾಯ ಅವನಿಗೆ ಕೊಟ್ಟ.

ಈಗ ಅಣ್ಣ ಊರಲ್ಲೇ ಇದ್ದಾನೆ. ಭಾನುವಾರ ಸಭೆಗೆ ಬರುತ್ತಾನೆ, ಕೊನೆಯ ಬೆಂಚು. ಅತ್ತಿಗೆ ವಾಪಸ್ ಬಂದಿಲ್ಲ, ಬನ್ನಿ ಅಂತ ಕೇಳುವ ಹಕ್ಕು ನಮಗಿಲ್ಲ. ಮಗಳು ದೊಡ್ಡವಳಾಗಿದ್ದಾಳೆ. ಅವನು ಕಾಗದ ಬರೆಯುತ್ತಾನೆ, ಅವಳು ಉತ್ತರ ಕೊಡುವುದಿಲ್ಲ. ಕೊಡಲೇಬೇಕು ಅಂತಲೂ ಅವನು ಹೇಳುವುದಿಲ್ಲ. ಬೆಳಿಗ್ಗೆ ನನಗಿಂತ ಮುಂಚೆ ಅಡುಗೆಮನೆಯಲ್ಲಿ ಲೈಟ್ ಹತ್ತಿರುತ್ತದೆ.

ಹೋದ ಡಿಸೆಂಬರ್‌ನಲ್ಲಿ ಡಬ್ಬ ತೊಳೆದವನು ಅವನೇ. ರೋಸ್ ಕುಕ್ಕೀಸ್ ನಾಲ್ಕು ಇಟ್ಟ, ಮುರಿಯದ ಚಕ್ಕುಲಿ ಆರಿಸಿ ಇಟ್ಟ. ಬೂದಿ ಬುಧವಾರದ ಹಿಂದಿನ ದಿನ ಸಂಜೆ ಡಬ್ಬ ಇಳಿಸಿಕೊಂಡು ಬೀದಿಗೆ ಹೊರಟವನು ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದ.

"ಈ ವರ್ಷ ಬರಲ್ಲ ಅಂತ ಕಾಣುತ್ತೆ" ಅಂದ.